ಮುಖ ಬಿಗಿಯುತ್ತದೆ, ಕಣ್ಣಂಚಿನಲ್ಲಿ ಗೆರೆ: ಕರಾವಳಿಯವರು, ಘಟ್ಟದ ಮೇಲಿನವರು ಏನು ಹಚ್ಚುತ್ತೀರಿ?

ಕೋಡಿಬಾಗ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ನಲವತ್ತು ದಾಟಿದೆ. ದಿನಾ ಸ್ಕೂಟಿಯಲ್ಲಿ ಅಮದಳ್ಳಿ ಕಡೆಯ ಶಾಲೆಗೆ ಹೋಗಿಬರುತ್ತೇನೆ. ಮಳೆಗಾಲದಲ್ಲಿ ಮುಖದ ಯೋಚನೆಯೇ ಇರುವುದಿಲ್ಲ. ದೀಪಾವಳಿ ಕಳೆದು ಬೆಳಗಿನ ಮೂಡುಗಾಳಿ ಶುರುವಾಯಿತೆಂದರೆ ಮುಖ ತೊಳೆದ ಸ್ವಲ್ಪ ಹೊತ್ತಿಗೇ ಕೆನ್ನೆ ಬಿಗಿದು ನಗಲಿಕ್ಕೂ ಕಷ್ಟ. ಮೂಗಿನ ಪಕ್ಕ ಬಿಳಿ ಹೊಟ್ಟು ಏಳುತ್ತದೆ. ಈ ವರ್ಷ ಕಣ್ಣಿನ ಹೊರತುದಿಯಲ್ಲಿ ಸಣ್ಣ ಗೆರೆಗಳೂ ಕಾಣಿಸಿವೆ. ಬೆಳಗ್ಗೆ ಎದ್ದಾಗ ಕಡಿಮೆ, ಸಂಜೆ ಹೊತ್ತಿಗೆ ಜಾಸ್ತಿ.

ಅತ್ತೆಯವರು ತೆಂಗಿನೆಣ್ಣೆ ಸಾಕು ಅನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಕೊಲ್ಯಾಜೆನ್ ಇರುವ, ಸಾವಿರದ ಮೇಲೆ ಬೆಲೆಯ ಕ್ರೀಮು ತೋರಿಸಿ ಇದನ್ನೇ ತಗೊಳ್ಳಿ ಎಂದರು. ಸಂಬಳದ ದುಡ್ಡನ್ನು ಸುಮ್ಮನೆ ಸುರಿಯಲು ಮನಸ್ಸಿಲ್ಲ, ಮುಖವನ್ನು ಹೀಗೇ ಬಿಡಲಿಕ್ಕೂ ಮನಸ್ಸಿಲ್ಲ. ನಮ್ಮಂಥ ಸೆಕೆಯ ಊರಿನಲ್ಲಿ ಮಾಯಿಶ್ಚರೈಸರ್ ಬೇಕಾ? ಬೇಕೆಂದರೆ ಯಾವ ಥರದ್ದು? ಅದರಿಂದ ಸುಕ್ಕು ನಿಜವಾಗಿ ಕಡಿಮೆಯಾಗುತ್ತದಾ? ಬಳಸಿದವರು, ತಿಳಿದವರು ಹೇಳಿ.

ಬೈತಖೋಲ್ ಹುಡುಗಿ

ಅಕ್ಕಾ, ನನ್ನದು ಎಣ್ಣೆ ಮುಖ. ತೆಂಗಿನೆಣ್ಣೆ ಹಚ್ಚಿದರೆ ಹಣೆ ತುಂಬ ಸಣ್ಣ ಸಣ್ಣ ಗುಳ್ಳೆ. ಅತ್ತೆಯವರ ಮಾತು ಎಲ್ಲರಿಗೂ ಹೊಂದುವುದಿಲ್ಲ. ಉತ್ತರ ಬಂದರೆ ನನಗೂ ಬೇಕು.

ಸಿದ್ದಾಪುರದ ದೊಡ್ಡಮ್ಮ

ತಂಗಿ, ನಮ್ಮ ಕಡೆ ಚಳಿಗಾಲಕ್ಕೆ ಮುರುಗಲ ತುಪ್ಪ. ಈಗಿನವರು ಕೊಕಂ ಬಟರ್ ಅಂತ ಸಣ್ಣ ಡಬ್ಬಿಗೆ ದೊಡ್ಡ ದುಡ್ಡು ಕೊಟ್ಟು ತರಿಸಿಕೊಳ್ಳುವುದು ಇದನ್ನೇ. ಹಿತ್ತಲ ಗಿಡ ಮದ್ದಲ್ಲ ಎಂಬ ಹಾಗಾಗಿದೆ.

ಮಾಡುವ ಕ್ರಮ ಹೇಳುತ್ತೇನೆ, ಬೇಕಾದವರು ಬರೆದಿಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಒಡೆದು ಸಿಪ್ಪೆಯನ್ನು ಹುಳಿಗೂ ಶರಬತ್ತಿಗೂ ತೆಗೆದಿಟ್ಟ ಮೇಲೆ ಬೀಜ ಉಳಿಯುತ್ತದಲ್ಲ, ಅದರ ಲೋಳೆ ಹೋಗುವ ಹಾಗೆ ತೊಳೆದು, ಅಲುಗಿಸಿದರೆ ಗಲಗಲ ಅನ್ನುವಷ್ಟು ಬಿಸಿಲಿಗೆ ಒಣಗಿಸಬೇಕು. ಮಳೆ ಹಿಡಿಯುವುದರೊಳಗೆ ಒಣಗದಿದ್ದರೆ ಬೂಸ್ಟು ಬಂದು ತುಪ್ಪಕ್ಕೆ ಕಮಟು ವಾಸನೆ ಹತ್ತುತ್ತದೆ. ಒಣಗಿದ ಬೀಜದ ಹೊರಸಿಪ್ಪೆ ಬಿಡಿಸಿ, ಒರಳಲ್ಲಿ ಕುಟ್ಟಿ, ನೀರು ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸುತ್ತ ಬಂದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಸೌಟಿನಲ್ಲಿ ತೆಗೆತೆಗೆದು ಬೇರೆ ಪಾತ್ರೆಗೆ ಹಾಕುವುದು. ತಣಿದರೆ ಮಾಸಲು ಬಿಳಿಯ ಗಟ್ಟಿ. ಪೂರ್ತಿ ಗಟ್ಟಿಯಾಗುವ ಮೊದಲೇ ಕೈಯಲ್ಲಿ ಉಂಡೆ ಕಟ್ಟಿ ನೀರು ತಾಗದ ಡಬ್ಬಿಯಲ್ಲಿಟ್ಟರೆ ಮುಂದಿನ ಹಂಗಾಮಿನವರೆಗೆ ಬರುತ್ತದೆ.

ಉಗುರಿನಿಂದ ಒಂದು ಚೂರು ಕೆರೆದು ಅಂಗೈಯಲ್ಲಿ ತಿಕ್ಕಿದರೆ ಮೈಬಿಸಿಗೇ ಕರಗುತ್ತದೆ. ತುಟಿಗೆ, ಹಿಮ್ಮಡಿಗೆ, ಬೆರಳ ಸಂದಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಅಡಕೆ ಸುಲಿಯುವ ಕಾಲದಲ್ಲಿ ಕೈಗೆಲ್ಲ ಚೊಗರು ಹಿಡಿದು ಚರ್ಮ ಒಡೆಯುತ್ತದೆ, ಆಗ ರಾತ್ರಿ ಇದನ್ನು ತಿಕ್ಕಿಕೊಂಡೇ ಮಲಗುವುದು. ಮುಖಕ್ಕೂ ಒಂದು ಕಡಲೆಕಾಳಿನಷ್ಟು ಹಚ್ಚಿದರೆ ಬೆಳಗಿನವರೆಗೆ ಮೆತ್ತಗಿರುತ್ತದೆ. ಮುರುಗಲ ಜಾತಿಯದೇ ಇನ್ನೊಂದು ಮರದ ಉಪ್ಪಾಗೆ ತುಪ್ಪವೂ ಇದೆ, ಆದರೆ ಅದು ನಮ್ಮಲ್ಲಿ ಅಡುಗೆಗೆ.

ಮೆಡಿಕಲ್ ಮಾಣಿ, ಕುಮಟಾ

ಟೀಚರಕ್ಕಾ, ನಾನು ಔಷಧಿ ಅಂಗಡಿಯಲ್ಲಿ ನಿಲ್ಲುವವನು. ಈ ಪ್ರಶ್ನೆ ಕೇಳುವವರು ತುಂಬ ಜನ. ಅಂಗಡಿಯಲ್ಲಿ ಇಷ್ಟೆಲ್ಲ ಹೇಳಲು ಪುರುಸೊತ್ತು ಸಿಗುವುದಿಲ್ಲ, ಇಲ್ಲಿ ಬರೆಯುತ್ತೇನೆ.

ಚರ್ಮದ ತೀರ ಮೇಲಿನ ಪದರ ನಮ್ಮ ಕೂದಲೆಳೆಗಿಂತ ತೆಳು. ಚಿರೇಕಲ್ಲಿನ ಗೋಡೆ ಇದೆಯಲ್ಲ, ಹಾಗೇ ಅದರ ರಚನೆ. ಕಲ್ಲುಗಳೆಂದರೆ ಒಣಗಿ ಚಪ್ಪಟೆಯಾದ ಜೀವಕೋಶಗಳು, ನಡುವಿನ ಗಾರೆಯೆಂದರೆ ಜಿಡ್ಡು. ಆ ಜಿಡ್ಡಿನಲ್ಲಿ ಸುಮಾರು ಅರ್ಧ ಪಾಲು ಸೆರಮೈಡ್ ಎಂಬ ಮೇಣದಂಥ ಕೊಬ್ಬು, ಮಿಕ್ಕಿದ್ದರಲ್ಲಿ ಹೆಚ್ಚಿನದು ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು. ಗಾರೆ ಉದುರಿದಲ್ಲೆಲ್ಲ ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಹೊರಗಿನ ಸೋಪು, ಧೂಳು ಒಳಗೆ ಇಳಿದು ಉರಿ ಎಬ್ಬಿಸುತ್ತವೆ. ನಿಮ್ಮ ಕೆನ್ನೆ ಬಿಗಿಯುವುದು, ಹೊಟ್ಟೇಳುವುದು ಇದರಿಂದಲೇ. ವಯಸ್ಸಾದಂತೆ ಈ ಜಿಡ್ಡು ತಯಾರಾಗುವುದೇ ಕಡಿಮೆ. ಹೆಂಗಸರಲ್ಲಿ ಮುಟ್ಟು ನಿಲ್ಲುವ ಹೊತ್ತಿಗೆ ಮುಖದ ಎಣ್ಣೆಗ್ರಂಥಿಗಳ ಕೆಲಸವೂ ಇಳಿಯುತ್ತದೆ.

ಮಾಯಿಶ್ಚರೈಸರ್ ಅಂತ ಮಾರುವ ಎಲ್ಲದರಲ್ಲೂ ಇರುವುದು ಮೂರು ಬಗೆಯ ಸಾಮಾನು. ಗ್ಲಿಸರಿನ್, ಹೈಲುರಾನಿಕ್ ಆಮ್ಲ, ಯೂರಿಯಾ ಇವು ನೀರನ್ನು ಎಳೆದು ಹಿಡಿದಿಟ್ಟುಕೊಳ್ಳುತ್ತವೆ. ಎಣ್ಣೆಗಳು, ಸ್ಕ್ವಾಲೇನ್ ಮುಂತಾದವು ಕೋಶಗಳ ನಡುವಿನ ಒರಟನ್ನು ತುಂಬಿ ನುಣುಪು ಮಾಡುತ್ತವೆ. ಪೆಟ್ರೋಲಿಯಂ ಜೆಲ್ಲಿ, ಜೇನುಮೇಣ, ಡೈಮೆಥಿಕೋನ್ ಮೇಲಿಂದ ಮುಚ್ಚಳ ಹಾಕುತ್ತವೆ. ಇವುಗಳಲ್ಲಿ ಪೆಟ್ರೋಲಿಯಂ ಜೆಲ್ಲಿಯಷ್ಟು ಗಟ್ಟಿ ಮುಚ್ಚಳ ಬೇರೆ ಇಲ್ಲ. 1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ವಸ್ತು, ಚರ್ಮದಿಂದ ನೀರು ಆವಿಯಾಗುವುದನ್ನು ಶೇ. 98ರವರೆಗೂ ತಡೆಯುತ್ತದೆ. ಅಂಗಡಿಯಲ್ಲಿ ಅತಿ ಅಗ್ಗದ ಡಬ್ಬಿಯೂ ಅದೇ. ದೊಡ್ಡಮ್ಮ ಹೇಳಿದ ಮುರುಗಲ ತುಪ್ಪದಲ್ಲಿ ಸ್ಟಿಯರಿಕ್ ಮತ್ತು ಓಲಿಕ್ ಆಮ್ಲಗಳೇ ಹೆಚ್ಚು. ಅದು ನುಣುಪು ಮಾಡುವ ಕೆಲಸವನ್ನೂ ಮುಚ್ಚುವ ಕೆಲಸವನ್ನೂ ತಕ್ಕಮಟ್ಟಿಗೆ ಮಾಡುತ್ತದೆ.

ಆದರೆ ಇವೆರಡೂ ನೀರು ಕೊಡುವುದಿಲ್ಲ, ಇದ್ದ ನೀರನ್ನು ಹೋಗಗೊಡುವುದಿಲ್ಲ ಅಷ್ಟೆ. ಒಣಗಿದ ಮುಖಕ್ಕೆ ಹಚ್ಚಿ ಏನೂ ಆಗಲಿಲ್ಲ ಅನ್ನುವವರು ಇದನ್ನು ಗಮನಿಸಬೇಕು. ಮುಖ ತೊಳೆದು ಟವೆಲಿನಿಂದ ಒತ್ತಿ, ಇನ್ನೂ ಹಸಿ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಬೇಕು. ನಮ್ಮ ಕರಾವಳಿಯಲ್ಲಿ ಮಾರ್ಚ್‌ನಿಂದ ಮಳೆಗಾಲದವರೆಗೆ ಗ್ಲಿಸರಿನ್ ಇರುವ ತೆಳು ಲೋಷನ್ ಅಥವಾ ಜೆಲ್ ಸಾಕು, ಗಾಳಿಯಲ್ಲೇ ತೇವ ಇರುತ್ತದೆ. ಡಿಸೆಂಬರ್, ಜನವರಿಯ ಒಣಗಾಳಿಗೆ ಸೆರಮೈಡ್ ಇರುವ ಸ್ವಲ್ಪ ದಪ್ಪ ಕ್ರೀಮು ಒಳ್ಳೆಯದು. ಶಿರಸಿ, ಸಿದ್ದಾಪುರದ ಚಳಿಗೆ ಅದರ ಮೇಲೆ ಇನ್ನೊಂದು ತೆಳು ಜಿಡ್ಡಿನ ಪದರ. ಬಾಟಲಿಯಲ್ಲಿ ಬರುವ ಅಪ್ಪಟ ಗ್ಲಿಸರಿನ್ ಮಾತ್ರ ನೇರವಾಗಿ ಹಚ್ಚಬೇಡಿ. ಒಣಹವೆಯಲ್ಲಿ ಅದು ಚರ್ಮದ ಒಳಗಿನ ನೀರನ್ನೇ ಎಳೆಯುತ್ತದೆ, ನೀರು ಬೆರೆಸಿ ತೆಳು ಮಾಡಲೇಬೇಕು.

ಗೆರೆಯ ವಿಷಯ. ಬೆಳಗ್ಗೆ ಕಡಿಮೆಯಿದ್ದು ಸಂಜೆ ಹೆಚ್ಚಾಗುವ ಸಣ್ಣ ಗೆರೆಯಲ್ಲಿ ಒಣಕಲಿನ ಪಾಲು ದೊಡ್ಡದು. ಮೇಲಿನ ಪದರ ನೀರು ಕುಡಿದು ಉಬ್ಬಿದರೆ ಅಂಥ ಗೆರೆ ಮಾಸುತ್ತದೆ, ಅದು ಕಣ್ಣಿಗೆ ಕಾಣುವ ನಿಜವಾದ ಲಾಭ. ಹಚ್ಚುವುದು ಬಿಟ್ಟರೆ ಮತ್ತೆ ಕಾಣುತ್ತದೆ. ಆಳದ ಸುಕ್ಕು ಬೇರೆ. ಅದು ಚರ್ಮವನ್ನು ಬಿಗಿಯಾಗಿ ಹಿಡಿದಿಡುವ, ಕೆಳಪದರದ ಕೊಲ್ಯಾಜೆನ್ ಎಂಬ ನಾರು ಕಡಿದು ಬಂದದ್ದು, ಮಾಯಿಶ್ಚರೈಸರ್ ಅಲ್ಲಿಗೆ ತಲುಪುವುದಿಲ್ಲ. ಕೊಲ್ಯಾಜೆನ್ ಕ್ರೀಮೂ ತಲುಪುವುದಿಲ್ಲ. ಚರ್ಮದ ಮೂಲಕ ಸರಾಗವಾಗಿ ಇಳಿಯಬೇಕಾದರೆ ಅಣುವಿನ ತೂಕ ಸುಮಾರು 500 ಡಾಲ್ಟನ್ ಒಳಗಿರಬೇಕು, ಕೊಲ್ಯಾಜೆನ್ ಅಣುವಿನದು ಸುಮಾರು 3 ಲಕ್ಷ. ನಿಮ್ಮ ಸಹೋದ್ಯೋಗಿಯ ಕ್ರೀಮು ಮುಖ ಮೆತ್ತಗೆ ಮಾಡುತ್ತಿದ್ದರೆ ಅದರಲ್ಲಿರುವ ಗ್ಲಿಸರಿನ್ ಮತ್ತು ಜಿಡ್ಡಿನ ಗುಣ ಅದು. ಅಷ್ಟಕ್ಕೆ ಸಾವಿರ ರೂಪಾಯಿ ಬೇಡ.

ಶಿರಸಿ ಬಸ್ ಚಾಲಕ

ಮಾಣಿಯವರೇ, ಚೆನ್ನಾಗಿ ಬರೆದಿದ್ದೀರಿ. ನನ್ನದೊಂದು ಪ್ರಶ್ನೆ. ನಾನು ದೇವಿಮನೆ ಘಟ್ಟದ ಮೇಲೆ ಕುಮಟಾ, ಶಿರಸಿ ಓಡಿಸುವವನು, ತುಂಬ ವರ್ಷದ ಸರ್ವಿಸು. ನನ್ನ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪು, ಕಣ್ಣಿನ ಬಲಬದಿಯ ಗೆರೆಗಳೂ ಆಳ. ಬಲಗೈಯೂ ಹಾಗೇ. ಗಾಜು ಹಾಕಿಕೊಂಡೇ ಓಡಿಸಿದರೂ ಹೀಗಾಗುತ್ತದಾ? ನಮ್ಮ ಜೊತೆಯ ಹಳೆಯ ಚಾಲಕರ ಮುಖ ನೋಡಿದರೂ ಬಲಬದಿಗೇ ವಯಸ್ಸು ಹೆಚ್ಚಾದ ಹಾಗೆ ಕಾಣುತ್ತದೆ.

ಹೊನ್ನಾವರ ನರ್ಸಕ್ಕ

ಅಣ್ಣಾ, ನಿಮ್ಮ ಪ್ರಶ್ನೆಯಲ್ಲೇ ಈ ಇಡೀ ಚರ್ಚೆಯ ಮುಖ್ಯ ಉತ್ತರ ಇದೆ. ಬಿಸಿಲಿನಲ್ಲಿ ಎರಡು ಬಗೆಯ ನೇರಳಾತೀತ (ಯುವಿ) ಕಿರಣ ನಮ್ಮ ಚರ್ಮ ಮುಟ್ಟುತ್ತವೆ. ಯುವಿ-ಬಿ ಮೇಲ್ಪದರ ಸುಡುತ್ತದೆ, ಅದನ್ನು ಗಾಜು ತಡೆಯುತ್ತದೆ. ಯುವಿ-ಎ ಆಳಕ್ಕಿಳಿದು ಕೊಲ್ಯಾಜೆನ್ ಕಡಿಯುತ್ತದೆ, ಅದು ಸಾಮಾನ್ಯ ಗಾಜನ್ನು ದಾಟಿ ಬರುತ್ತದೆ. ವಾಹನದ ಎದುರಿನ ಗಾಜು ಪದರಗಳನ್ನು ಅಂಟಿಸಿ ಮಾಡಿದ್ದು, ಯುವಿ-ಎಯನ್ನು ಬಹುಪಾಲು ತಡೆಯುತ್ತದೆ. ಪಕ್ಕದ ಗಾಜು ಹಾಗಲ್ಲ. ಸುಡದೇ ಇರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. 2012ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಲಾರಿ ಓಡಿಸಿದ 69 ವಯಸ್ಸಿನವರೊಬ್ಬರ ಫೋಟೋ ಬಂದಿತ್ತು. ಅಲ್ಲಿ ಚಾಲಕ ಕೂರುವುದು ಎಡಕ್ಕೆ, ಅವರ ಎಡಗೆನ್ನೆಯೇ ನೆರಿಗೆ ನೆರಿಗೆಯಾಗಿ ಜೋತು ಬಿದ್ದಿತ್ತು, ಬಲಗೆನ್ನೆ ಅವರ ತಮ್ಮನದ್ದೇನೋ ಅನ್ನಬೇಕು. ನಮ್ಮಲ್ಲಿ ಚಾಲಕರು ಬಲಕ್ಕೆ ಕೂರುತ್ತಾರೆ, ಹಾಗಾಗಿ ನಿಮಗೆ ಬಲಕ್ಕೆ.

ಮುಖದ ಮೇಲೆ ಕಾಣುವ ಮುಪ್ಪಿನಲ್ಲಿ ವರ್ಷ ಕಳೆದದ್ದರಿಂದ ಬಂದದ್ದು ಸ್ವಲ್ಪ, ಬಿಸಿಲಿನಿಂದ ಬಂದದ್ದು ಬಹಳ. ಬಿಳಿ ಚರ್ಮದವರಲ್ಲಿ ಶೇ. 80ರಷ್ಟು ಬಿಸಿಲಿನದೇ ಪಾಲೆಂದು ಲೆಕ್ಕ ಹಾಕಿದ್ದಾರೆ. ನಮ್ಮ ಕಂದುಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣದ ವಸ್ತು ಒಂದಿಷ್ಟು ಕಾಪಾಡುತ್ತದೆ, ಸುಕ್ಕು ತಡವಾಗಿ ಬರುತ್ತದೆ. ಅದರ ಬದಲು ನಮಗೆ ಮೊದಲು ಬರುವುದು ಬಂಗು, ಕಲೆ, ಅಲ್ಲಲ್ಲಿ ಕಪ್ಪು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬೂರ್ ಎಂಬ ಊರಿನಲ್ಲಿ 55 ವಯಸ್ಸಿನೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದರು. ಒಂದು ಗುಂಪಿಗೆ ದಿನಾ ಬಿಸಿಲು ತಡೆಯುವ ಸನ್‌ಸ್ಕ್ರೀನ್ ಹಚ್ಚಲು ಹೇಳಿದ್ದರು, ಇನ್ನೊಂದು ಗುಂಪು ತಮಗೆ ಬೇಕೆನಿಸಿದಾಗ ಹಚ್ಚಿದ್ದು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ದಿನಾ ಹಚ್ಚಿದವರ ಚರ್ಮಕ್ಕೆ ಮುಪ್ಪು ಶೇ. 24ರಷ್ಟು ಕಡಿಮೆ. ಮುಪ್ಪು ತಡೆಯುವ ಕ್ರೀಮು ಯಾವುದು ಅಂತ ಟೀಚರ್ ಕೇಳಿದರಲ್ಲ, ಅದಕ್ಕೆ ನನ್ನ ಉತ್ತರ ಸನ್‌ಸ್ಕ್ರೀನ್. ಮಾಯಿಶ್ಚರೈಸರ್ ಚರ್ಮಕ್ಕೆ ನೆಮ್ಮದಿ ಕೊಡುತ್ತದೆ, ಬಿಸಿಲಿಗೆ ಅಡ್ಡ ನಿಲ್ಲುವುದಿಲ್ಲ. ಎರಡೂ ಬೇಕು. ದುಡ್ಡು ಒಂದಕ್ಕೇ ಇದೆ ಅಂದರೆ ಹಗಲು ಹೊರಗೆ ತಿರುಗುವವರು ಸನ್‌ಸ್ಕ್ರೀನನ್ನೇ ತಗೊಳ್ಳಿ. ಹೆಚ್ಚಿನವುಗಳಲ್ಲಿ ತೇವ ಹಿಡಿಯುವ ಸಾಮಾನು ಸೇರಿಯೇ ಇರುತ್ತದೆ.

ಎಸ್‌ಪಿಎಫ್ (ಡಬ್ಬಿಯ ಮೇಲಿನ ಬಿಸಿಲು ತಡೆಯುವ ಅಂಕ) 30 ಇದ್ದರೆ ಯುವಿ-ಬಿಯ ಶೇ. 97 ತಡೆಯುತ್ತದೆ, 50 ಇದ್ದರೆ ಶೇ. 98. ಆ ಒಂದು ಅಂಕಕ್ಕೆ ತಲೆಕೆಡಿಸಿಕೊಳ್ಳಬೇಡಿ. ಎಷ್ಟು ಹಚ್ಚುತ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎಳೆದಷ್ಟು ಬೇಕು, ಮುಖ ಮತ್ತು ಕುತ್ತಿಗೆಗೆ. ಯುವಿ-ಎಗಾಗಿ ಡಬ್ಬಿಯ ಮೇಲೆ ಪಿಎ ಅಂತ ಬರೆದು ಪಕ್ಕದಲ್ಲಿ ಮೂರೋ ನಾಲ್ಕೋ ಪ್ಲಸ್ ಗುರುತು ಇದೆಯಾ ನೋಡಿ. ಹೊರಗೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಚಾಲಕಣ್ಣನವರಿಗೆ ಅದು ಕಷ್ಟ. ನೀವು ಬಲಗೈಗೆ ತೋಳುಚೀಲ ಹಾಕಿಕೊಳ್ಳಿ, ಮುಖಕ್ಕೆ ಹೊರಡುವ ಮುಂಚೆ ಒಮ್ಮೆ, ಕುಮಟಾದಲ್ಲಿ ಬಸ್ಸು ನಿಂತಾಗ ಇನ್ನೊಮ್ಮೆ.

ಯಲ್ಲಾಪುರ ತೋಟಿಗ

ಗಂಡಸರು ಇದನ್ನೆಲ್ಲ ಹಚ್ಚಿದರೆ ಮನೆಯಲ್ಲೇ ನಗುತ್ತಾರೆ. ಆದರೂ ಕೇಳುತ್ತೇನೆ. ದಾಡಿ ಮಾಡಿದ ಮೇಲೆ ಗದ್ದ ಉರಿಯುತ್ತದೆ, ಸ್ಫಟಿಕ ಉಜ್ಜುತ್ತೇನೆ. ಮುಂದುವರಿಸಬಹುದಾ?

ಮೆಡಿಕಲ್ ಮಾಣಿ, ಕುಮಟಾ

ಅಣ್ಣಾ, ಸ್ಫಟಿಕ ರಕ್ತ ನಿಲ್ಲಿಸಲು ಸರಿ, ಗಾಯವಾದಲ್ಲಿ ಮಾತ್ರ. ಇಡೀ ಗದ್ದಕ್ಕೆ ಉಜ್ಜಿದರೆ ಇನ್ನೂ ಒಣಗುತ್ತದೆ. ಬ್ಲೇಡು ಕೂದಲಿನ ಜೊತೆ ಮೇಲ್ಪದರವನ್ನೂ ಕೆರೆಯುವುದರಿಂದ ಉರಿ. ದಾಡಿ ಮಾಡಿದ ಕೂಡಲೇ ಸುವಾಸನೆ ಇಲ್ಲದ ಲೋಷನ್ ಹಚ್ಚಿ. ಚರ್ಮಕ್ಕೆ ಗಂಡು ಹೆಣ್ಣೆಂಬ ಭೇದ ಇಲ್ಲಿಲ್ಲ, ನಗುವವರು ನಗಲಿ.

ತದಡಿ ಮನೆಮಗಳು

ನರ್ಸಕ್ಕಾ, ನೀವು ಹೇಳಿದ್ದು ಆಫೀಸಿಗೆ ಹೋಗುವವರಿಗೆ ಸರಿ. ನಮ್ಮ ಅಮ್ಮ ಮೀನು ಒಣಗಿಸುವವರು. ಬೆಳಗ್ಗಿನಿಂದ ಮರಳ ಮೇಲೆ ಬಲೆ ಹಾಸಿ ಮೀನು ಹರವುವುದು, ಮಗುಚುವುದು, ಕಾಗೆ ಕಾಯುವುದು. ಐವತ್ತರ ಹತ್ತಿರದವರು, ನೋಡಿದವರು ಎಪ್ಪತ್ತು ಅನ್ನುತ್ತಾರೆ. ಕೆನ್ನೆ ಮೇಲೆ ಅಂಗೈಯಗಲ ಬಂಗು. ಆ ಬೆಲೆಯ ಸನ್‌ಸ್ಕ್ರೀನು ದಿನಕ್ಕೆ ನಾಲ್ಕು ಸಲ ಹಚ್ಚಿದರೆ ಒಂದು ಟ್ಯೂಬು ವಾರಕ್ಕೆ ಸಾಲದು. ಬೆವರಿಗೆ ಅದು ನಿಲ್ಲುವುದೂ ಇಲ್ಲ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ದುಡಿಯುವ ನಮ್ಮ ನೆಂಟರದ್ದೂ ಇದೇ ಕಥೆ, ಅವರಿಗೆ ತುಟಿ ಬೇರೆ ಒಡೆದು ರಕ್ತ ಬರುತ್ತದೆ. ಇಂಥವರಿಗೆ ಏನು ಹೇಳುತ್ತೀರಿ?

ಹೊನ್ನಾವರ ನರ್ಸಕ್ಕ

ತಂಗಿ, ನೀನು ಕೇಳಿದ್ದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗೆ ಅತಿ ಹೆಚ್ಚು ಮುಖ ಕೊಡುವವರು ಮೀನಿನ ಹೆಂಗಸರು, ಆಗರದವರು, ಗದ್ದೆಯಲ್ಲಿ ದುಡಿಯುವ ಹಾಲಕ್ಕಿ ಹೆಂಗಸರು. ಕ್ರೀಮಿನ ಮಾತು ಅವರನ್ನು ಬಿಟ್ಟು ಆಡಿದರೆ ಅರ್ಧ ಮಾತು.

ಮೊದಲು ನೆರಳು, ಆಮೇಲೆ ಬಟ್ಟೆ, ಕೊನೆಗೆ ಕ್ರೀಮು. ಕಾರವಾರ, ಗೋಕರ್ಣದ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆರಳು ಕಾಲಡಿಗೆ ಹೋಗುತ್ತದೆ. ಹತ್ತರಿಂದ ನಾಲ್ಕರ ನಡುವೆಯೇ ದಿನದ ಯುವಿಯ ಬಹುಪಾಲು. ಹರವುವ ಕೆಲಸ ಬೆಳಗ್ಗೆ ಬೇಗ, ಮಗುಚುವುದು ಆದಷ್ಟು ನಾಲ್ಕರ ಮೇಲೆ. ನಡುವೆ ಕಾಗೆ ಕಾಯಲು ತೆಂಗಿನ ಗರಿಯದ್ದೋ ತಾಡಪಾಲಿನದ್ದೋ ಸಣ್ಣ ಚಪ್ಪರ ಇದ್ದರೆ ಅರ್ಧ ಗೆದ್ದ ಹಾಗೆ. ತಲೆಗೆ ಸುತ್ತುವ ಬಟ್ಟೆ ಮುಖಕ್ಕೆ ನೆರಳು ಕೊಡುವುದಿಲ್ಲ, ಅದರ ಮೇಲೆ ಅಗಲ ಅಂಚಿನ ಟೊಪ್ಪಿ ಬೇಕು. ಘಟ್ಟದ ಮೇಲಿನ ಹಾಳೆಟೊಪ್ಪಿಗೆ ಅಂಚಿಲ್ಲ, ಅದು ಸಾಲದು. ಮರಳು ತನ್ನ ಮೇಲೆ ಬಿದ್ದ ಯುವಿಯ ಶೇ. 15ರಷ್ಟನ್ನು, ಸಮುದ್ರದ ನೊರೆ ಶೇ. 25ರಷ್ಟನ್ನು ಮೇಲಕ್ಕೆ ಹಿಂದಿರುಗಿಸುತ್ತವೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಾಗಾಗಿ ಟೊಪ್ಪಿ ಹಾಕಿದರೂ ಗದ್ದ, ಕೆನ್ನೆಗೆ ಕೆಳಗಿನಿಂದ ಬಿಸಿಲು ತಾಗುತ್ತದೆ. ಹತ್ತಿಯ ದುಪ್ಪಟ್ಟಾವನ್ನು ಮೂಗಿನವರೆಗೆ ಎಳೆದುಕೊಳ್ಳುವುದು ಇದಕ್ಕೆ. ಮೋಡ ಇದೆ ಅಂತ ಬಿಡುವುದೂ ಬೇಡ, ತೆಳು ಮೋಡದಲ್ಲಿ ಶೇ. 80ರವರೆಗೆ ಯುವಿ ಇಳಿದು ಬರುತ್ತದೆ.

ಸನ್‌ಸ್ಕ್ರೀನನ್ನು ಇಡೀ ಮುಖಕ್ಕೆ ಅಲ್ಲದಿದ್ದರೂ ಬಟ್ಟೆ ಮುಚ್ಚದ ಕೆನ್ನೆಯೆಲುಬು, ಮೂಗು, ಹಣೆಗೆ ಹಚ್ಚಲಿ. ಆಗ ಟ್ಯೂಬು ಹೆಚ್ಚು ದಿನ ಬರುತ್ತದೆ. ನೀರು ನಿರೋಧಕ ಎಂದಿರುವುದನ್ನೇ ಕೇಳಿ ತಗೋ. ರಾತ್ರಿ ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ಮುಖ ತೊಳೆದು, ಹಸಿ ಮುಖಕ್ಕೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಒತ್ತಿದರೆ ಸಾಕು. ತುಟಿಗೆ ಅದೇ, ಅಥವಾ ಮುರುಗಲ ತುಪ್ಪ, ಹಗಲಿನಲ್ಲೂ. ಕೆಳತುಟಿಯ ಒಡಕು ಎಷ್ಟು ಹಚ್ಚಿದರೂ ತಿಂಗಳುಗಟ್ಟಲೆ ಮಾಯದಿದ್ದರೆ, ಬಿಳಿಯಾಗಿ ಒರಟಾದರೆ ವೈದ್ಯರಿಗೆ ತೋರಿಸಲೇಬೇಕು. ಎಲೆಅಡಕೆ ತಂಬಾಕು ಹಾಕುವವರಾದರೆ ಇನ್ನೂ ಬೇಗ.

ಕೋಡಿಬಾಗ ಟೀಚರ್

ತದಡಿಯ ತಂಗಿ ಕೇಳಿದ್ದು ಒಳ್ಳೆಯದಾಯಿತು. ಬಂಗಿನ ಮಾತು ಬಂತಲ್ಲ, ನನ್ನ ನಾದಿನಿಗೂ ಇದೆ, ಎರಡನೇ ಹೆರಿಗೆಯ ನಂತರ ಶುರುವಾದದ್ದು. ಯಾರೋ ಲಿಂಬೆರಸಕ್ಕೆ ಕಡಲೆಹಿಟ್ಟು ಕಲಸಿ ಹಚ್ಚಲು ಹೇಳಿದ್ದಾರೆ. ಪಾರ್ಲರಿನವರು ಹೆಸರಿಲ್ಲದ ಒಂದು ಬಿಳಿ ಕ್ರೀಮು ಕೊಟ್ಟಿದ್ದಾರೆ. ಅದು ಹಚ್ಚಿ ವಾರದೊಳಗೆ ಮುಖ ಬೆಳ್ಳಗೆ ನುಣ್ಣಗೆ ಆಗಿದೆಯಂತೆ, ತುಂಬ ಖುಷಿಯಲ್ಲಿದ್ದಾಳೆ.

ಹೊನ್ನಾವರ ನರ್ಸಕ್ಕ

ಟೀಚರಕ್ಕಾ, ದಯವಿಟ್ಟು ಇವತ್ತೇ ಅವರಿಗೆ ಫೋನ್ ಮಾಡಿ. ವಾರದಲ್ಲಿ ಬೆಳ್ಳಗೆ, ನುಣ್ಣಗೆ ಮಾಡುವ ಹೆಸರಿಲ್ಲದ ಕ್ರೀಮಿನಲ್ಲಿ ಬಹಳ ಸಲ ಇರುವುದು ಸ್ಟಿರಾಯ್ಡ್, ಕೆಲವದರಲ್ಲಿ ಪಾದರಸ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂಬ ಸ್ಟಿರಾಯ್ಡುಗಳೆಲ್ಲ ಎಗ್ಜಿಮಾ ಮುಂತಾದ ಚರ್ಮರೋಗಗಳಿಗೆ ವೈದ್ಯರು ಲೆಕ್ಕ ಹಾಕಿ ಕೊಡುವ ಔಷಧ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ಗುಳ್ಳೆ ಏಳುತ್ತದೆ, ತುಟಿಯ ಮೇಲೆ ಕೂದಲು ಬರುತ್ತದೆ. ಬಿಟ್ಟ ಕೂಡಲೇ ಮುಖ ಬೆಂಕಿ ಬಿದ್ದಂತೆ ಉರಿಯುವುದರಿಂದ ಜನ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಮದುವೆಗೆ ಇನ್ನೇನು ದಿನ ಹತ್ತಿರ ಇರುವ ಹುಡುಗಿಯರು ಈ ಸ್ಥಿತಿಯಲ್ಲಿ ಬಂದು ಕೂತು ಅಳುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು. ಹೆಸರೇ ಇಲ್ಲದ ಡಬ್ಬಿಗೆ ಯಾವ ನಿಯಮ? ಮುಪ್ಪು ಬೇಗ ತರಿಸಿಕೊಳ್ಳಬೇಕೆಂದರೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ. ನಾದಿನಿಯವರನ್ನು ಆ ಡಬ್ಬಿಯ ಸಮೇತ ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬಹಳ ದಿನ ಹಚ್ಚಿದ್ದರೆ ಹೇಗೆ ಬಿಡಬೇಕು ಅನ್ನುವುದನ್ನು ಅವರೇ ಹೇಳಲಿ.

ಲಿಂಬೆ ಬೇಡ. ಅದರ ರಸ, ಸಿಪ್ಪೆಯ ಎಣ್ಣೆ ಚರ್ಮದ ಮೇಲಿದ್ದು ಬಿಸಿಲು ತಾಗಿದರೆ ಬೊಬ್ಬೆ ಏಳುತ್ತದೆ, ಆಮೇಲೆ ಉಳಿಯುವ ಕಪ್ಪುಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಹಾಗೇ ಯಾರಾದರೂ ಗೇರುಸಿಪ್ಪೆಯ ಎಣ್ಣೆ ಕಲೆ ತೆಗೆಯುತ್ತದೆ ಎಂದರೆ ಹತ್ತಿರವೂ ಬಿಡಬೇಡಿ, ಅದು ಚರ್ಮವನ್ನು ಸುಡುತ್ತದೆ.

ಬಂಗಿಗೆ ಇನ್ನೊಂದು ಮಾತು. ಅದನ್ನು ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ, ಸಾಮಾನ್ಯ ಸನ್‌ಸ್ಕ್ರೀನ್ ಆ ಬೆಳಕನ್ನು ತಡೆಯುವುದಿಲ್ಲ. ಕಬ್ಬಿಣದ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನ್ ಸಿಗುತ್ತದೆ, ಬಂಗಿರುವವರು ಅದನ್ನು ಕೇಳಿ.

ಸಿದ್ದಾಪುರದ ದೊಡ್ಡಮ್ಮ

ನರ್ಸಮ್ಮ, ಲಿಂಬೆಯ ಮಾತು ಒಪ್ಪಿದೆ. ಆದರೆ ಎಲ್ಲದಕ್ಕೂ ಟ್ಯೂಬೇ ಅಂದರೆ ಒಪ್ಪಲಾರೆ. ನಮ್ಮ ಕಾಲದಲ್ಲಿ ಮುಖಕ್ಕೆ ಸೋಪೇ ಇರಲಿಲ್ಲ. ಕಡಲೆಹಿಟ್ಟು, ಹೆಸರುಹಿಟ್ಟು, ತಲೆಗೆ ಸೀಗೆ, ಅಂಟುವಾಳ. ಅಮ್ಮನ ಮುಖ ಎಂಬತ್ತರಲ್ಲೂ ನೋಡುವ ಹಾಗಿತ್ತು.

ಮೆಡಿಕಲ್ ಮಾಣಿ, ಕುಮಟಾ

ದೊಡ್ಡಮ್ಮಾ, ಸೋಪು ಇರಲಿಲ್ಲ ಅಂದಿರಲ್ಲ, ಅದೇ ದೊಡ್ಡ ವಿಷಯ. ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ 5ರ ಆಸುಪಾಸು. ಸಾಮಾನ್ಯ ಸ್ನಾನದ ಸೋಪು ಕ್ಷಾರ, 9ರಿಂದ 10. ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ತೊಳೆದು, ಆಮೇಲೆ ದುಬಾರಿ ಕ್ರೀಮು ಹಚ್ಚುವವರು ಒಂದು ಕೈಯಲ್ಲಿ ಜಿಡ್ಡು ಕಿತ್ತು ಇನ್ನೊಂದು ಕೈಯಲ್ಲಿ ಅಂಟಿಸುತ್ತಿದ್ದಾರೆ. ಬೆಳಗ್ಗೆ ಬರೀ ನೀರು, ರಾತ್ರಿ ಒಮ್ಮೆ ಸೌಮ್ಯವಾದ ಫೇಸ್‌ವಾಶ್ ಅಥವಾ ನಿಮ್ಮ ಹೆಸರುಹಿಟ್ಟು, ಸಾಕು. ಹಿಟ್ಟು ನುಣ್ಣಗೆ ಇರಲಿ, ಉಜ್ಜುವುದು ಬೇಡ. ಒಂದೇ ಕೋರಿಕೆ: ಮಲೆನಾಡಿನ ಬಚ್ಚಲಲ್ಲಿ ಹಂಡೆಯ ಕುದಿನೀರನ್ನು ಮುಖಕ್ಕೆ ಎರಚಿಕೊಳ್ಳುವುದು ಬಿಡಬೇಕು. ಬಿಸಿ ಹೆಚ್ಚಾದಷ್ಟೂ ಜಿಡ್ಡು ಕರಗಿ ಹೋಗುತ್ತದೆ. ಮೈಗೆ ಬಿಸಿ ಇರಲಿ, ಮುಖಕ್ಕೆ ಉಗುರುಬೆಚ್ಚಗೆ.

ತೆಂಗಿನೆಣ್ಣೆಯ ಬಗ್ಗೆ ಬೈತಖೋಲ್ ತಂಗಿ ಹೇಳಿದ್ದೂ ಸರಿ. ಒಣಚರ್ಮದ ಕೈಕಾಲಿಗೆ ಅದು ಚೆನ್ನಾಗಿ ಹೊಂದುತ್ತದೆ, ಮೊಡವೆ ಬರುವ ಮುಖಕ್ಕೆ ರಂಧ್ರ ಕಟ್ಟಿಸುತ್ತದೆ. ಆಲಿವ್ ಎಣ್ಣೆ ಒಳ್ಳೆಯದೆಂದು ತರಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ಬಹುಪಾಲಾಗಿರುವ ಓಲಿಕ್ ಆಮ್ಲ ಮೇಲ್ಪದರವನ್ನು ಸಡಿಲ ಮಾಡುತ್ತದೆ, ಮುಖಕ್ಕೆ ಬೇಡ. ಸೂರ್ಯಕಾಂತಿ ಎಣ್ಣೆ ಅದಕ್ಕಿಂತ ವಾಸಿ. ಮುರುಗಲ ತುಪ್ಪ ಹೊಸದಾಗಿ ಹಚ್ಚುವವರು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ಅದಕ್ಕೆ ಲೋಳೆಸರ, ಗುಲಾಬಿನೀರು ಬೆರೆಸಿ ಮನೆಯಲ್ಲೇ ಕ್ರೀಮು ಮಾಡಲು ಹೋಗಬೇಡಿ. ನೀರು ಸೇರಿದ ಕೂಡಲೇ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಬೈತಖೋಲ್ ಹುಡುಗಿ

ರೆಟಿನಾಲ್ ಅಂತ ಎಲ್ಲರೂ ಹೇಳುತ್ತಿದ್ದಾರೆ. ಸುಕ್ಕಿಗೆ ಅದು ನಿಜವಾಗಿ ಕೆಲಸ ಮಾಡುತ್ತದಾ, ಇಲ್ಲ ಅದೂ ಕೊಲ್ಯಾಜೆನ್ ಕ್ರೀಮಿನ ಹಾಗಾ? ನನಗೆ ಇಪ್ಪತ್ತಾರು.

ಹೊನ್ನಾವರ ನರ್ಸಕ್ಕ

ಕೆಲಸ ಮಾಡುತ್ತದೆ. ಎ ಜೀವಸತ್ವದ ಮನೆತನದ್ದು. ಅದರಲ್ಲಿ ಬಲವಾದದ್ದು ಟ್ರೆಟಿನೋಯಿನ್, ಬಿಸಿಲಿಗೆ ಹಾಳಾದ ಚರ್ಮವನ್ನು ಅದು ಸುಧಾರಿಸುತ್ತದೆ ಎಂದು 1986ರಲ್ಲೇ ಅಮೆರಿಕದ ಚರ್ಮವೈದ್ಯರು ತೋರಿಸಿಕೊಟ್ಟರು. ಅದು ಚೀಟಿಯ ಔಷಧ. ಅಂಗಡಿಯಲ್ಲಿ ಸಿಗುವ ರೆಟಿನಾಲ್ ಸೌಮ್ಯ, ಫಲ ಕಾಣಲು ತಿಂಗಳುಗಳೇ ಬೇಕು. ಶುರುವಿನಲ್ಲಿ ವಾರಕ್ಕೆರಡು ರಾತ್ರಿ, ಬಟಾಣಿಯಷ್ಟು, ಕಣ್ಣು ಬಾಯಿಯ ಅಂಚು ಬಿಟ್ಟು. ಉರಿಯಾದರೆ ಮೊದಲು ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಇದು. ಹಗಲು ಸನ್‌ಸ್ಕ್ರೀನ್ ತಪ್ಪಿಸುವ ಹಾಗಿಲ್ಲ. ಬಸುರಿಯರು, ಬಸುರಿಯಾಗಬೇಕೆಂದಿರುವವರು ಮುಟ್ಟಲೇಬಾರದು. ಇಪ್ಪತ್ತಾರಕ್ಕೆ ನಿನಗೆ ಅವಸರವಿಲ್ಲ ತಂಗಿ, ಸ್ಕೂಟಿಯಲ್ಲಿ ಹೋಗುವಾಗ ಹೆಲ್ಮೆಟ್ಟಿನ ಗಾಜು ಇಳಿಸಿಕೋ, ಸನ್‌ಸ್ಕ್ರೀನ್ ಹಚ್ಚಿಕೋ.

ಟೀಚರಕ್ಕನ ವಯಸ್ಸಿನವರಿಗೆ ಮಾತ್ರ ಇದನ್ನು ವೈದ್ಯರ ಹತ್ತಿರ ಕೇಳಿ ಅನ್ನುತ್ತೇನೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮದ ಕೊಲ್ಯಾಜೆನ್ನಿನ ಶೇ. 30ರಷ್ಟು ಕರಗುತ್ತದೆ. ಅದಕ್ಕೆ ಮುಂಚೆಯೇ ಜೋಪಾನ ಶುರುವಾಗಿದ್ದರೆ ಒಳ್ಳೆಯದು.

ಶಿರಸಿ ಬಸ್ ಚಾಲಕ

ತೋಳುಚೀಲ ತಂದೆ. ನಮ್ಮ ಡಿಪೋದವರಿಗೂ ಆ ಲಾರಿ ಚಾಲಕನ ವಿಷಯ ಹೇಳಿದೆ, ಎಲ್ಲರೂ ಕನ್ನಡಿಯಲ್ಲಿ ಕೆನ್ನೆ ನೋಡಿಕೊಂಡರು. ನೀರು ಜಾಸ್ತಿ ಕುಡಿದರೆ ಚರ್ಮ ಒಣಗುವುದಿಲ್ಲ ಅಂತ ಒಬ್ಬರ ವಾದ. ನಿಜವಾ?

ಮೆಡಿಕಲ್ ಮಾಣಿ, ಕುಮಟಾ

ಬಾಯಾರಿಕೆಗೆ ತಕ್ಕಷ್ಟು ಕುಡಿಯಲೇಬೇಕು, ಚಾಲಕರು ಕುಡಿಯುವುದೇ ಕಡಿಮೆ. ಆದರೆ ಅದಕ್ಕಿಂತ ಹೆಚ್ಚು ಕುಡಿದ ನೀರು ಕೆನ್ನೆಗೆ ಹೋಗುವುದಿಲ್ಲ. ಹೊಗೆಬತ್ತಿ ಬಿಡುವುದು ಮುಖಕ್ಕೆ ಅದಕ್ಕಿಂತ ಹೆಚ್ಚು ಉಪಕಾರ, ತಂಬಾಕಿನ ಹೊಗೆಯೂ ಕೊಲ್ಯಾಜೆನ್ ಕಡಿಯುತ್ತದೆ.

ತದಡಿ ಮನೆಮಗಳು

ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಟೊಪ್ಪಿಗೆ ಒಪ್ಪಿದ್ದಾರೆ, ಚಪ್ಪರ ಅಪ್ಪ ಹಾಕಿಕೊಡುತ್ತಾರಂತೆ. ಸನ್‌ಸ್ಕ್ರೀನು ಮೀನಿಗೆ ವಾಸನೆ ಹಿಡಿಸುತ್ತದೆ ಅನ್ನುವುದು ಅವರ ತಕರಾರು. ಮುರುಗಲ ತುಪ್ಪ ಮಾತ್ರ ಬೇಕೇ ಬೇಕಂತೆ. ದೊಡ್ಡಮ್ಮಾ, ಪೇಟೆಯಲ್ಲಿ ತಗೊಳ್ಳುವಾಗ ಒಳ್ಳೆಯದೆಂದು ಹೇಗೆ ತಿಳಿಯುವುದು?

ಹೊನ್ನಾವರ ನರ್ಸಕ್ಕ

ಸುವಾಸನೆ ಸೇರಿಸದ, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೇಳು. ಹಚ್ಚಿದ ಮೇಲೆ ಕೈ ಮಾತ್ರ ಸೋಪಿನಲ್ಲಿ ತೊಳೆದುಕೊಂಡು ಮೀನು ಮುಟ್ಟಲಿ.

ಸಿದ್ದಾಪುರದ ದೊಡ್ಡಮ್ಮ

ಮಗಾ, ಮೊದಲು ಮೂಸಿ ನೋಡು. ಒಳ್ಳೆಯ ತುಪ್ಪಕ್ಕೆ ಹೆಚ್ಚು ವಾಸನೆಯೇ ಇರುವುದಿಲ್ಲ, ಹಳೆಯ ಎಣ್ಣೆಯ ಕಮಟು ಬಂದರೆ ಬಿಟ್ಟುಬಿಡು. ಬೆರಳಿನಿಂದ ಒತ್ತಿದರೆ ಗಟ್ಟಿ ಇರಬೇಕು, ಚೂರು ಮುರಿದರೆ ಪುಡಿಯಾಗಬೇಕು, ಅಂಗೈಯಲ್ಲಿ ತಿಕ್ಕಿದರೆ ಕರಗಬೇಕು. ಅಂಗಡಿಯಲ್ಲೇ ಮೆತ್ತಗೆ ಅಂಟಂಟು ಇದ್ದರೆ ಬೇರೆ ಎಣ್ಣೆ ಬೆರೆಸಿದ್ದಾರೆ ಅಂತ ತಿಳಿ. ತೀರ ಬೆಳ್ಳಗೆ ಹೊಳೆಯುವುದು ಕಾರ್ಖಾನೆಯಲ್ಲಿ ಸೋಸಿದ್ದು, ಅದೂ ಕೆಟ್ಟದ್ದಲ್ಲ. ಮನೆಯಲ್ಲಿ ಮಾಡಿದ್ದಕ್ಕೆ ಸ್ವಲ್ಪ ಹಳದಿ ಛಾಯೆ ಇರುತ್ತದೆ. ಅರ್ಧ ಉಂಡೆ ಸಾಕು, ಅಮ್ಮನ ತುಟಿಗೂ ಹಿಮ್ಮಡಿಗೂ ಇಡೀ ಚಳಿಗಾಲ ಬರುತ್ತದೆ. ಒದ್ದೆ ಕೈಯಲ್ಲಿ ಮಾತ್ರ ಡಬ್ಬಿ ಮುಟ್ಟಬೇಡಿ.